ಪ್ಲೇಗಿನ ಕ್ರಿಮಿಗೆ ಹೆಸರಿಟ್ಟ ಕಥೆ



1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಇಕ್ಕಟ್ಟಾದ ಪೇಟೆಯ ಆಚೆಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ರೋಗಕ್ಕೆ ಜನರು ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂದು ಹೆಸರಿಟ್ಟರು. ಹೆಸರಿನ ಹಿಂದೆಯೇ ಗುಡಿಯೂ ಆಯಿತು. ಜನರಿಗೆ ಒಂದೇ ಸಲಕ್ಕೆ ದಕ್ಕಿದ ಹೆಸರು ವಿಜ್ಞಾನಿಗಳಿಗೆ ದಕ್ಕಲು ಸುಮಾರು 90 ವರ್ಷ ಹಿಡಿಯಿತು.

ಈ ಕ್ರಿಮಿ ಮೊದಲು ಕಣ್ಣಿಗೆ ಬಿದ್ದದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಜಪಾನಿನ ಕಿಟಸಾಟೊ ದೊಡ್ಡ ತಂಡದೊಡನೆ ಬಂದಿದ್ದರು. ಆಸ್ಪತ್ರೆಯ ಬಾಗಿಲು ಅವರಿಗೆ ತೆರೆದಿತ್ತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ಅಲೆಕ್ಸಾಂಡರ್ ಯೆರ್ಸಿನ್‌ಗೆ ಹೆಣಗಳನ್ನು ಮುಟ್ಟಲೂ ಅನುಮತಿ ಇರಲಿಲ್ಲ. ಆತ ಹುಲ್ಲಿನ ಗುಡಿಸಲೊಂದನ್ನು ಕಟ್ಟಿಸಿಕೊಂಡು, ಹೆಣ ಹೂಳುವ ನಾವಿಕರ ಕೈ ಬೆಚ್ಚಗೆ ಮಾಡಿ, ಸತ್ತವರ ಗಡ್ಡೆಯಿಂದ ರಸ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಕ್ರಿಮಿಯನ್ನು ಕಂಡೆವೆಂದರು. ಯೆರ್ಸಿನ್‌ನ ವಿವರಣೆ ಹೆಚ್ಚು ನಿಖರವಾಗಿತ್ತು.

ಮುಂದೆ ಈ ಕ್ರಿಮಿ ಬ್ಯಾಕ್ಟೀರಿಯಂ ಪೆಸ್ಟಿಸ್ ಆಯಿತು, ಬೇಸಿಲಸ್ ಪೆಸ್ಟಿಸ್ ಆಯಿತು, ಪಾಶ್ಚರನ ಗೌರವಾರ್ಥ ಪಾಶ್ಚರೆಲ್ಲ ಪೆಸ್ಟಿಸ್ ಕೂಡ ಆಯಿತು. ಪೆಸ್ಟಿಸ್ ಎಂದರೆ ಲ್ಯಾಟಿನ್ನಿನಲ್ಲಿ 'ಪಿಡುಗಿನ' ಎಂದರ್ಥ. 1944ರಲ್ಲಿ, ಯೆರ್ಸಿನ್ ತೀರಿಕೊಂಡ ಮರುವರ್ಷ, ಯೆರ್ಸೀನಿಯ ಎಂಬ ಹೊಸ ಕುಲವನ್ನು ಸೂಚಿಸಲಾಯಿತು. ಶಿಷ್ಯನ ಹೆಸರು ಗುರುವಿನ ಹೆಸರನ್ನು ಸರಿಸಿ ನಿಂತಿತು.

ಹೆಸರು ಹೀಗೆ ಮನೆ ಬದಲಾಯಿಸಲು ಕಾರಣವುಂಟು. ಹಕ್ಕಿಗೆ ಗರಿಯಿದೆ, ಗಿಡಕ್ಕೆ ಹೂವಿದೆ, ನೋಡಿ ವಿಂಗಡಿಸಬಹುದು. ಬ್ಯಾಕ್ಟೀರಿಯ ಹೆಚ್ಚೆಂದರೆ ಕಡ್ಡಿ, ಗುಂಡು ಅಥವಾ ಸುರುಳಿ. ಆದ್ದರಿಂದ ಬಣ್ಣ ಹಿಡಿಯುತ್ತದೆಯೇ, ಯಾವ ಸಕ್ಕರೆಯನ್ನು ಹುಳಿ ಮಾಡುತ್ತದೆ, ಯಾವ ರೋಗ ತರುತ್ತದೆ ಎಂಬ ಗುಣಗಳಿಂದಲೇ ಗುರುತು ಹಿಡಿಯಬೇಕಿತ್ತು. ಒಬ್ಬೊಬ್ಬರು ಒಂದೊಂದು ಗುಣ ಹಿಡಿದು ಹೆಸರಿಟ್ಟರು. ಒಂದೇ ಕ್ರಿಮಿಗೆ ಐದಾರು ಹೆಸರು, ಐದಾರು ಕ್ರಿಮಿಗೆ ಒಂದೇ ಹೆಸರು!

ಈ ಗೊಂದಲಕ್ಕೆ 1980ರ ಜನವರಿ 1ರಂದು ತೆರೆ ಬಿತ್ತು. ಹತ್ತಾರು ಸಾವಿರ ಹಳೆಯ ಹೆಸರುಗಳಲ್ಲಿ ಸುಮಾರು 2,300ನ್ನು ಮಾತ್ರ ಅಂತರರಾಷ್ಟ್ರೀಯ ಸಮಿತಿ ಉಳಿಸಿಕೊಂಡಿತು. ಮಿಕ್ಕವು ಮಾನ್ಯತೆ ಕಳೆದುಕೊಂಡವು. ಸಸ್ಯಶಾಸ್ತ್ರದವರಿಗೆ ಇಂಥ ಧೈರ್ಯ ಬಂದಿಲ್ಲ. ಅವರು ಈಗಲೂ 1753ರ ಲಿನ್ನೇಯಸನ ಗ್ರಂಥದಿಂದಲೇ ಲೆಕ್ಕ ಹಿಡಿಯುತ್ತಾರೆ. ಆಮೇಲೆ ಹೊಸ ಹೆಸರು ಇಡಬೇಕಾದವರು ಅದಕ್ಕೆಂದೇ ಗೊತ್ತುಮಾಡಿದ ಪತ್ರಿಕೆಯಲ್ಲಿ ವಿವರಣೆ ಪ್ರಕಟಿಸಬೇಕು, ಇಲ್ಲವೇ ಅದರ ಪಟ್ಟಿಗೆ ಸೇರಿಸಬೇಕು. ಒಂದು ತಳಿಯನ್ನು 'ಮಾದರಿ ತಳಿ' ಎಂದು ತೋರಿಸಬೇಕು. ಇಂದಿನ ನಿಯಮದಂತೆ ಆ ಜೀವಂತ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿ ಇಡಬೇಕು. ಹೆಸರಿನ ಒಡೆತನ ವರ್ಣನೆಗಿಂತ ಈ ತಳಿಗೇ ಹೆಚ್ಚು.

ಪ್ಲೇಗಿನ ಕಥೆಗೆ ತಿರುವು ಬಂದದ್ದೂ 1980ರಲ್ಲೇ. ಇದೇ ಕುಲದಲ್ಲಿ ಯೆರ್ಸೀನಿಯ ಸ್ಯೂಡೋಟ್ಯುಬರ್ಕ್ಯುಲೋಸಿಸ್ ಎಂಬ ಇನ್ನೊಂದು ಕ್ರಿಮಿಯಿದೆ. ಅದು ಸಾಮಾನ್ಯವಾಗಿ ತರುವುದು ಹೊಟ್ಟೆನೋವು, ಜ್ವರ. ಎರಡರ ಡಿಎನ್‌ಎ ಎಳೆಗಳನ್ನು ಕಾಯಿಸಿ ಬಿಡಿಸಿ, ಬೆರೆಸಿ ತಣಿಸಿದರು. ಅನ್ಯೋನ್ಯವಾಗಿ ಹೆಣೆದುಕೊಂಡವು! ಹೀಗೆ ಶೇ 70ರಷ್ಟು ಹೊಂದಿದರೆ ಒಂದೇ ಪ್ರಭೇದವೆನ್ನಬಹುದೆಂಬ ಗೆರೆಯನ್ನು 1987ರಲ್ಲಿ ತಜ್ಞರು ಅಧಿಕೃತವಾಗಿ ಎಳೆದರು. ಇವೆರಡು ಅದನ್ನು ಸಲೀಸಾಗಿ ದಾಟಿದ್ದವು.

ಪ್ರಭೇದ ಒಂದಾದರೆ ಹೆಸರೂ ಒಂದಾಗಬೇಕು. ನಿಯಮದ ಪ್ರಕಾರ ಮೊದಲು ಇಟ್ಟ ಹೆಸರಿಗೇ ಹಿರಿತನ. ಪೆಸ್ಟಿಸ್ 1896ರದ್ದು, ಸ್ಯೂಡೋಟ್ಯುಬರ್ಕ್ಯುಲೋಸಿಸ್ 1889ರದ್ದು. ಅಂದರೆ ಕೋಟ್ಯಂತರ ಜನರನ್ನು ಕೊಂದ ಪಿಡುಗಿನ ಕ್ರಿಮಿ, ಹೊಟ್ಟೆನೋವಿನ ಕ್ರಿಮಿಯ ಉಪಪ್ರಭೇದವಾಗಬೇಕು! ಹಾಗೆಯೇ ಸೂಚನೆ ಬಂತು, ಪ್ರಕಟವೂ ಆಯಿತು.

ಪ್ರಯೋಗಶಾಲೆಗಳಲ್ಲಿ ಆತಂಕ ಹುಟ್ಟಿತು. ಉದ್ದ ಹೆಸರಿನ ಕೊನೆಯ ಪದ ಬಿಟ್ಟುಹೋದ ಒಂದು ಚೀಟಿ ಸಾಕು. ಪ್ಲೇಗಿನ ಸೀಸೆಯನ್ನು ಯಾರೋ ಉದಾಸೀನವಾಗಿ ತೆರೆದಾರು. ವೈದ್ಯರು ವರದಿ ಓದಿ ರೋಗಿಯನ್ನು ಮನೆಗೆ ಕಳಿಸಿಯಾರು. ಹೆಸರಿನ ವ್ಯಾಜ್ಯಗಳನ್ನು ತೀರ್ಮಾನಿಸುವ ನ್ಯಾಯ ಆಯೋಗಕ್ಕೆ ದೂರು ಹೋಯಿತು. ಜೀವಕ್ಕೆ ಅಪಾಯ ತರಬಲ್ಲ ಹೆಸರನ್ನು ತಿರಸ್ಕರಿಸುವ ಅಧಿಕಾರ ನಿಯಮಾವಳಿಯಲ್ಲೇ ಇದೆ. 1985ರಲ್ಲಿ ಆಯೋಗ ಹೊಸ ಹೆಸರನ್ನು ತಳ್ಳಿಹಾಕಿ ಯೆರ್ಸೀನಿಯ ಪೆಸ್ಟಿಸ್ ಅನ್ನು ಕಾಯಂ ಮಾಡಿತು. ವಿಜ್ಞಾನದ ಅಳತೆಗೋಲಿಗಿಂತ ಚೀಟಿ ಓದುವವನ ಸುರಕ್ಷೆ ದೊಡ್ಡದೆಂದ ಈ ತೀರ್ಪು ವಿವೇಕದ್ದೇ.

ಹಾಗೆಂದು ವಂಶಾವಳಿ ಸುಳ್ಳಾಗಲಿಲ್ಲ. ಪೂರ್ಣ ಜೀನೋಮ್ ಓದುವ ಈ ಕಾಲದಲ್ಲಿ ಪ್ಲೇಗಿನ ಕ್ರಿಮಿ ಕೆಲವೇ ಸಾವಿರ ವರ್ಷಗಳ ಹಿಂದೆ ಆ ಹೊಟ್ಟೆನೋವಿನ ಕ್ರಿಮಿಯಿಂದಲೇ ಕವಲೊಡೆದದ್ದು ಸ್ಪಷ್ಟವಾಗಿದೆ. ಹೊರಗಿನಿಂದ ಬಂದ ಎರಡು ಪುಟ್ಟ ಡಿಎನ್‌ಎ ಉಂಗುರಗಳನ್ನು ಸೇರಿಸಿಕೊಂಡು, ತನ್ನ ಕೆಲವು ಜೀನ್‌ಗಳನ್ನು ಕೆಡಿಸಿಕೊಂಡು, ಅದು ಚಿಗಟದ ಹೊಟ್ಟೆಯಲ್ಲಿ ಬದುಕಲು ಕಲಿಯಿತು. 1994ರಲ್ಲಿ ಸೂರತ್ತಿನಿಂದ ಲಕ್ಷಾಂತರ ಜನ ರೈಲು ಹತ್ತಿ ಓಡಿದಾಗ, ಅದು ನಿಜವಾಗಿ ಪ್ಲೇಗೇ ಅಲ್ಲವೇ ಎಂದು ಪಂಡಿತರು ಬಹುಕಾಲ ವಾದಿಸಿದರು. ಅಲ್ಲಿಯ ಮಾದರಿಗಳನ್ನು ಡಿಎನ್‌ಎ ಮೂಲಕ ಪರೀಕ್ಷಿಸಿದ ಭಾರತೀಯ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ ಕಾಣಿಸಿದ ಹೆಸರು ಯೆರ್ಸೀನಿಯ ಪೆಸ್ಟಿಸ್.