ಕಂಬವಿಲ್ಲದ ಕಂಬದ ಕೇರಿ



ಬಾನುಲಿಯಲ್ಲಿ ಮಾತಾಡುವವರಿಗೆ ಒಂದು ಅನುಕೂಲವಿದೆ. ನೀವು ಈಗ ಸೊಪ್ಪು ಬಿಡಿಸುತ್ತಿರಬಹುದು, ಅಂಗಡಿಯಲ್ಲಿ ಗಿರಾಕಿಯ ದಾರಿ ಕಾಯುತ್ತಿರಬಹುದು. ನನಗೆ ನಿಮ್ಮ ಕಣ್ಣು ಬೇಡ, ಕಿವಿ ಕೊಟ್ಟರೆ ಸಾಕು. ದೂರದ ಊರು ನೋಡಲು ಹೋಗುವವರ ನಡುವೆ ಇದೇ ನೆಚ್ಚಿಕೆಯ ಮೇಲೆ ಒಂದು ರೂಢಿ ಈಗ ಬೆಳೆದಿದೆ. ಗೈಡ್ ಇಲ್ಲ, ಗುಂಪಿಲ್ಲ, ಕೊಡೆ ಎತ್ತಿಹಿಡಿದು ಮುಂದೆ ಓಡುವವರಿಲ್ಲ. ಮೊಬೈಲಿನಲ್ಲಿ ಒಂದು ದನಿ, ಕಿವಿಯಲ್ಲಿ ಇಯರ್‌ಫೋನ್, ಕಾಲಲ್ಲಿ ಗಟ್ಟಿ ಚಪ್ಪಲಿ. ದನಿ ನಿಲ್ಲಿ ಎಂದಲ್ಲಿ ನಿಲ್ಲುವುದು, ಎಡಕ್ಕೆ ಎಂದಾಗ ಎಡಕ್ಕೆ ತಿರುಗುವುದು. ಬೇಸರ ಬಂದರೆ ಗುಂಡಿ ಒತ್ತಿ ಬಾಯಿ ಮುಚ್ಚಿಸಬಹುದು. ಜೀವಂತ ಗೈಡ್ ಹತ್ತಿರ ಆ ಸಲುಗೆ ನಡೆಯುವುದಿಲ್ಲ.

ಹೀಗೆ ಕಿವಿಯಿಂದ ನೋಡಬೇಕಾದ ಊರು ಯಾವುದು ಎಂದು ಕೇಳಿದರೆ ನಾನು ಬ್ರೆಜಿಲಿನ ಸಾಲ್ವಡಾರ್ ಎನ್ನುತ್ತೇನೆ. ಬಹಿಯಾ ರಾಜ್ಯದ ರಾಜಧಾನಿ. ಅಟ್ಲಾಂಟಿಕ್ ದಡದ ಈ ಊರಿನ ಹಳೆಯ ಭಾಗ 1985ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳದಿ, ಗುಲಾಬಿ, ತಿಳಿನೀಲಿ ಬಳಿದ ಮನೆಗಳು, ಮೂಲೆಮೂಲೆಗೂ ಚರ್ಚು. ಚಿತ್ರ ತೆಗೆಯುವವರಿಗೆ ಹಬ್ಬ. ಆದರೆ ಆ ಬಣ್ಣದ ಕೇರಿಗೆ ಪೆಲೊರಿನ್ಯೊ ಎಂದು ಹೆಸರು. ಹಾಗೆಂದರೆ ಊರ ನಡುವೆ ಜನರನ್ನು ಕಟ್ಟಿ ಚಾಟಿಯಿಂದ ಬಾರಿಸಲು ನಿಲ್ಲಿಸಿದ ಕಂಬ. ಅಲ್ಲಿಗೆ ಹೋಗಿ ಎಷ್ಟು ಹುಡುಕಿದರೂ ಆ ಕಂಬ ಸಿಗುವುದಿಲ್ಲ. ಯಾವತ್ತೋ ಕಿತ್ತಿದ್ದಾರೆ. ಹೆಸರು ಉಳಿದಿದೆ, ಹೆಸರನ್ನು ಕಣ್ಣು ನೋಡಲಾರದು.

ಹೊರಡುವ ಮುಂಚೆ ಈ ದನಿಯ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನೋಡೋಣ. ನಡಿಗೆಯ ಆ್ಯಪ್ ತಯಾರಿಸುವವರು ನಕ್ಷೆಯ ಮೇಲೆ ಒಂದೊಂದು ಜಾಗಕ್ಕೂ ಕಾಣದ ಗೆರೆಯೊಂದನ್ನು ವೃತ್ತವಾಗಿ ಎಳೆದಿರುತ್ತಾರೆ. ಮೊಬೈಲಿನ ಜಿಪಿಎಸ್ ಆ ವೃತ್ತದೊಳಗೆ ಕಾಲಿಟ್ಟಿದ್ದೇವೆಂದು ತಿಳಿಸಿದ ಕೂಡಲೇ ಮಾತು ತಾನಾಗಿ ಶುರುವಾಗುತ್ತದೆ. ಬಯಲಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಹಳೆಯ ಊರಿನ ಇಕ್ಕಟ್ಟು ಓಣಿಯಲ್ಲಿ ಮಾತ್ರ ಎಡವಟ್ಟು. ಉಪಗ್ರಹದ ಸಂಕೇತ ಮೂರು ಮಹಡಿಯ ಗೋಡೆಗಳಿಗೆ ಬಡಿದು ಬಡಿದು ತಡವಾಗಿ ಬರುತ್ತದೆ. ನೀವು ನಿಂತದ್ದು ಒಂದು ಓಣಿ, ಮೊಬೈಲು ತಿಳಿದದ್ದು ಪಕ್ಕದ ಓಣಿ. ಎದುರಿಗೆ ಹೋಟೆಲಿನ ಬಾಗಿಲಿದ್ದರೆ ಕಿವಿಯಲ್ಲಿ ಚರ್ಚಿನ ಗಂಟೆಯ ವರ್ಣನೆ. ಅದಕ್ಕೇ ಅನುಭವಸ್ಥರು ಜಿಪಿಎಸ್ಸನ್ನು ಪೂರ್ತಿ ನಂಬದೆ, ನೀಲಿ ಬಾಗಿಲು ನಿಮ್ಮ ಬಲಕ್ಕಿರಲಿ ಎಂಬಂಥ ಗುರುತುಗಳನ್ನು ಮಾತಿನಲ್ಲೇ ಹೊಸೆದಿರುತ್ತಾರೆ. ಬರೆಯುವವನು ಚೀಟಿ ಹಿಡಿದು ಆ ದಾರಿಯಲ್ಲಿ ಸ್ವತಃ ನಡೆದಿದ್ದಾನೋ ಇಲ್ಲವೋ ಎಂಬುದು ಮೊದಲ ಏರಿನಲ್ಲೇ ಗೊತ್ತಾಗುತ್ತದೆ. ಏದುಸಿರು ಬಿಡುವಾಗ ಇಸವಿಗಳು ಯಾರ ತಲೆಗೂ ಹತ್ತುವುದಿಲ್ಲ. ಬಲ್ಲವನು ಏರಿನಲ್ಲಿ ಸುಮ್ಮನಿದ್ದು ಮೇಲೆ ಮುಟ್ಟಿದ ಮೇಲೆ ಬಾಯಿ ತೆರೆಯುತ್ತಾನೆ.

ಎರಡು ಮಾತು ಕಿವಿಮಾತಿನಂತೆ. ಉಳಿದುಕೊಂಡ ಕೋಣೆಯಲ್ಲೇ ಎಲ್ಲವನ್ನೂ ಇಳಿಸಿಕೊಂಡು ಹೋಗಿ, ದಾರಿಯಲ್ಲಿ ನೆಟ್‌ವರ್ಕ್ ನೆಚ್ಚಬೇಡಿ. ಮೊಬೈಲು ಜೇಬಿನಲ್ಲಿರಲಿ, ಒಂದು ಕಿವಿ ಖಾಲಿ ಇರಲಿ. ಕಸಿದು ಓಡುವವರು ಎಲ್ಲ ದೊಡ್ಡ ಊರಿನಲ್ಲೂ ಇರುತ್ತಾರೆ.

ನಡಿಗೆ ಕೆಳಗಿನ ಪೇಟೆಯಿಂದ ಶುರುವಾಗಲಿ. ಸಾಲ್ವಡಾರ್ ಎರಡು ಅಂತಸ್ತಿನ ಊರು. ಕೆಳಗೆ ಬಂದರು, ದಾಸ್ತಾನು ಮಳಿಗೆ, ವ್ಯಾಪಾರ. ಮೇಲೆ, ಕಡಿದಾದ ದಿಬ್ಬದ ನೆತ್ತಿಯಲ್ಲಿ, ಸರ್ಕಾರ, ಚರ್ಚು, ಸಾಹುಕಾರರ ಮನೆ. 1549ರಲ್ಲಿ ಈ ಊರನ್ನು ಕಟ್ಟಿಸಿದವನು ಬ್ರೆಜಿಲಿನ ಮೊದಲ ಗವರ್ನರ್ ಜನರಲ್ ತೊಮೆ ದೆ ಸೋಜಾ. ಆ ಹೆಸರಿನ ಬಾಲ ಕೇಳಿದರೆ ಮಂಗಳೂರಿನವರ ಕಿವಿ ನೆಟ್ಟಗಾಗುತ್ತದೆ. ನಮ್ಮ ಡಿಸೋಜರ ಹೆಸರೂ ಅದೇ. ಸಮುದ್ರದಿಂದ ಶತ್ರು ಬಂದರೆ ಎತ್ತರದಿಂದ ಹೊಡೆಯಬಹುದೆಂದು ಅವನು ದಿಬ್ಬ ಆರಿಸಿಕೊಂಡ. 1763ರಲ್ಲಿ ರಿಯೋಗೆ ರಾಜಧಾನಿ ಹೋಗುವವರೆಗೆ ಇನ್ನೂರು ವರ್ಷಕ್ಕೂ ಮಿಕ್ಕಿ ಪೋರ್ಚುಗೀಸರ ಬ್ರೆಜಿಲನ್ನು ಈ ದಿಬ್ಬವೇ ಆಳಿತು.

ಗೋವೆಗೆ ಹೋಗಿಬರುವ ಹಡಗುಗಳೂ ಈ ಬಂದರಿನಲ್ಲಿ ತಂಗುತ್ತಿದ್ದವು. ನಮ್ಮ ಕರಾವಳಿಯ ಜೊತೆಗಿನ ಸಂಬಂಧ ಇನ್ನೂ ಹಿಂದಿನದು. 1500ರ ಏಪ್ರಿಲ್‌ನಲ್ಲಿ ಬಹಿಯಾದ ದಕ್ಷಿಣ ತೀರ ಮುಟ್ಟಿದ ಪೋರ್ಚುಗೀಸ್ ನಾವಿಕ ಕಬ್ರಾಲನ ಹಡಗುಗಳು ಹೊರಟದ್ದು ಕಲ್ಲಿಕೋಟೆಗೆ. ಅದೇ ವರ್ಷದ ಆಗಸ್ಟ್‌ನಲ್ಲಿ ಅವು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿ ದಣಿವಾರಿಸಿಕೊಂಡವು. ಮುಂದೆ ಈ ಹಾದಿಯಲ್ಲೇ ಬ್ರೆಜಿಲಿನ ಗೇರುಮರ ನಮ್ಮ ಕರಾವಳಿಗೆ ಬಂತು, ನಮ್ಮ ಹಲಸು, ಮಾವು ಅಲ್ಲಿಗೆ ಹೋದವು. ಹಲಸಿಗೆ ಅವರು ಜಾಕಾ ಎನ್ನುತ್ತಾರೆ, ಮಲಯಾಳದ ಚಕ್ಕ. ಪೋರ್ಚುಗೀಸ್ ದನಿಯ ನಡಿಗೆಯನ್ನೇ ಹಾಕಿಕೊಂಡು ಅರ್ಥವಾಗದೆ ನಡೆದರೂ ನಡುನಡುವೆ ಶಾವಿ, ಪಾದ್ರಿ, ಅರ್ಮಾರಿಯು ಎಂಬ ಪದಗಳು ಹಾದುಹೋಗುತ್ತವೆ. ನಮ್ಮ ಚಾವಿ, ಪಾದ್ರಿ, ಅಲಮಾರುಗಳ ತವರುಮನೆ ಅದು.

ಬಂದರಿನ ಎದುರಿಗೇ ಮೆರ್ಕಾದೊ ಮೊದೆಲೊ, ಕರಕುಶಲ ವಸ್ತುಗಳ ದೊಡ್ಡ ಮಾರುಕಟ್ಟೆ. ಮೊದಲು ಸುಂಕದ ಕಟ್ಟೆಯಾಗಿತ್ತು. ಅದರ ನೆಲಮಾಳಿಗೆಯಲ್ಲಿ, ಕಮಾನುಗಳ ಕೆಳಗೆ, ಉಬ್ಬರದ ನೀರು ಒಸರಿ ನಿಲ್ಲುತ್ತದೆ. ಹಡಗಿನಿಂದ ಇಳಿಸಿದ ಗುಲಾಮರನ್ನು ಇಲ್ಲೇ ಕೂಡಿಹಾಕುತ್ತಿದ್ದರು ಎಂದು ಹೇಳುವ ಬಾಯಿಗಳಿಗೆ ಲೆಕ್ಕವಿಲ್ಲ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇಸವಿ ಜೋಡಿಸಿ ನೋಡಿ. ಆಫ್ರಿಕಾದಿಂದ ಗುಲಾಮರನ್ನು ತರುವುದು ಕಾನೂನಿನಿಂದ ಕೊನೆಯಾಗಿದ್ದು 1850ರಲ್ಲಿ. ಈ ಕಟ್ಟಡ ಎದ್ದದ್ದು 1861ರಲ್ಲಿ. ಕಿವಿಯೊಳಗಿನ ದನಿ ತಣ್ಣಗೆ, ತುಂಬ ಆತ್ಮವಿಶ್ವಾಸದಿಂದ ಹೇಳಿತೆಂದು ಎಲ್ಲವನ್ನೂ ನಂಬಲಾಗದು. ಬಾನುಲಿಯವನಾಗಿ ನನಗೆ ಈ ಮಾತು ಆಡಲು ಸ್ವಲ್ಪ ಮುಜುಗರವೇ.

ಮೇಲಿನ ಪೇಟೆಗೆ ಲಸೆರ್ದಾ ಎಲಿವೇಟರ್ ಇದೆ. 1873ರಲ್ಲಿ ತೆರೆದದ್ದು, ಸುಮಾರು 72 ಮೀಟರ್ ಎತ್ತರ. ಊರ ಜನ ಆಫೀಸಿಗೆ, ಸಂತೆಗೆ ಬಸ್ಸು ಹತ್ತುವಂತೆ ಅದನ್ನು ಹತ್ತುತ್ತಾರೆ. ಕೆಲವು ಸೆಕೆಂಡುಗಳ ಮಾತು, ನೋಡಲು ಕಿಟಕಿಯೂ ಇಲ್ಲ. ಅದು ಬರುವ ಮುಂಚೆ ಸರಕು ಹಗ್ಗ, ರಾಟೆಗಳಲ್ಲಿ ಏರುತ್ತಿತ್ತು; ಸಾಹುಕಾರ ಗುಲಾಮರು ಹೊತ್ತ ಪಲ್ಲಕ್ಕಿಯಲ್ಲಿ ಏರುತ್ತಿದ್ದ. ಹೊತ್ತವರಿಗೆ ಆ ದಿಬ್ಬ ಎಷ್ಟು ಎತ್ತರವಿತ್ತು ಎಂಬುದನ್ನು ಯಾವ ಮೀಟರೂ ಹೇಳಲಾರದು.

ಮೇಲೆ ಬಂದರೆ ಅರಮನೆ, ಚೌಕ, ಕೊಲ್ಲಿಯ ದೊಡ್ಡ ನೋಟ. ಎಲ್ಲರೂ ಅತ್ತ ಮುಖ ಮಾಡಿ ಚಿತ್ರ ತೆಗೆಯುತ್ತಿರುತ್ತಾರೆ. ಬೆನ್ನ ಹಿಂದೆ ಇಳಿಯುವ ಬೀದಿಯ ಕಡೆ ಯಾರೂ ನೋಡುವುದಿಲ್ಲ. ಅದು ಲದೈರಾ ದ ಪ್ರಾಸಾ. 1835ರ ಜನವರಿ 24ರ ನಡುರಾತ್ರಿ, ರಂಜಾನ್ ತಿಂಗಳು, ಆ ಬೀದಿಯ ಒಂದು ಮನೆಯ ನೆಲ ಅಂತಸ್ತಿನಲ್ಲಿ ಆಫ್ರಿಕಾದ ಮುಸ್ಲಿಮರು ಸೇರಿದ್ದರು. ಗುಲಾಮರೂ ಬಿಡುಗಡೆಯಾದವರೂ ಇದ್ದರು. ಬೆಳಗಿನ ಜಾವ ದಂಗೆ ಏಳುವುದೆಂದು ತೀರ್ಮಾನ. ಯಾರೋ ಗುಟ್ಟು ಬಿಟ್ಟುಕೊಟ್ಟರು. ಕಾವಲಿನವರು ಬಾಗಿಲು ಬಡಿದಾಗ ಒಳಗಿದ್ದವರು ಕತ್ತಿ ಹಿಡಿದು ಹೊರಗೆ ನುಗ್ಗಿದರು. ಕತ್ತಲ ಬೀದಿಗಳಲ್ಲಿ ಗಂಟೆಗಟ್ಟಲೆ ಕಾದಾಟ ನಡೆದು ಎಪ್ಪತ್ತರಷ್ಟು ಆಫ್ರಿಕನ್ನರು ಸತ್ತರು. ಸತ್ತವರ, ಸಿಕ್ಕಿಬಿದ್ದವರ ಕೊರಳಲ್ಲಿ ತೊಗಲ ತಾಯಿತಗಳಿದ್ದವು, ಒಳಗೆ ಅರಬ್ಬಿ ಅಕ್ಷರದ ಚೀಟಿ. ಒಡೆಯರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬಾರದ ಕಾಲದಲ್ಲಿ ಗುಲಾಮರು ಬರೆದಿದ್ದರು. ಆ ರಾತ್ರಿಯ ಕಾದಾಟಕ್ಕೆ ಮಲೆ ದಂಗೆ ಎಂದು ಹೆಸರು. ಯೊರುಬಾ ಮಾತಿನಲ್ಲಿ ಮುಸ್ಲಿಮರಿಗಿರುವ ಪದದಿಂದ ಬಂದದ್ದು, ನಮ್ಮ ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದಿಷ್ಟು ಮುಂದೆ, ಆ ಕಂಬದಂತೆಯೇ ಈಗ ಇಲ್ಲದ ಒಂದು ಕಟ್ಟಡ. ಊರಿನ ಹಳೆಯ ಸೇ ಚರ್ಚನ್ನು 1933ರಲ್ಲಿ ಟ್ರಾಮ್ ಹಳಿಗೆ ಜಾಗ ಬೇಕೆಂದು ಕೆಡವಿದರು. ಟ್ರಾಮೂ ಈಗ ಇಲ್ಲ. ಅದರ ನೆನಪಿಗೆ ಮುರಿದು ಬಾಗಿದ ಶಿಲುಬೆಯ ಒಂದು ಶಿಲ್ಪ ನಿಂತಿದೆ.

ಅಲ್ಲಿಂದ ತೆರೈರೊ ದೆ ಜೆಸೂಸ್ ಚೌಕ. ಜೆಸುಯಿಟರ ದೊಡ್ಡ ಚರ್ಚಿನ ಮುಖಕ್ಕೆ ಹೊದಿಸಿದ ಲಿಯೊಸ್ ಕಲ್ಲು ಪೋರ್ಚುಗಲ್ಲಿನದು. ಸಕ್ಕರೆ ಒಯ್ಯಲು ಬರುವ ಹಡಗು ಹಗುರಾಗಿ ಹೊಯ್ದಾಡದಿರಲೆಂದು ತಳದಲ್ಲಿ ಭಾರಕ್ಕೆ ತುಂಬಿಕೊಂಡು ಬರುತ್ತಿದ್ದ ಕಲ್ಲು. ಪಕ್ಕದಲ್ಲೇ ಸಾವ್ ಫ್ರಾನ್ಸಿಸ್ಕೊ ಚರ್ಚು. ಒಳಗೆ ಕೆತ್ತನೆಯ ಮರಕ್ಕೆಲ್ಲ ಚಿನ್ನದ ರೇಕು, ಅಂಗಳದ ಸುತ್ತ ನೀಲಿ ಬಿಳಿ ಹೆಂಚಿನ ಚಿತ್ರಗಳು. 2025ರ ಫೆಬ್ರವರಿಯಲ್ಲಿ ಅದರ ಒಳಮಾಡು ಕುಸಿದು ನೋಡಲು ಬಂದಿದ್ದ ಒಬ್ಬರು ಸತ್ತರು. ಆಮೇಲೆ ಚರ್ಚನ್ನು ಮುಚ್ಚಿದರು. ಬಾಗಿಲು ಮುಚ್ಚಿದ್ದಾಗಲೂ ನಿಮ್ಮ ಮೊಬೈಲಿನ ದನಿ ಒಳಗೆ ಬನ್ನಿ, ತಲೆ ಎತ್ತಿ ನೋಡಿ ಎಂದೇ ಹೇಳುತ್ತಿರುತ್ತದೆ. ಧ್ವನಿಮುದ್ರಿಕೆಗೆ ಸುದ್ದಿ ಮುಟ್ಟಿರುವುದಿಲ್ಲ.

ಅದರ ಪಕ್ಕದ ಚಿಕ್ಕ ಚರ್ಚಿನ ಮುಂಗೋಡೆ ನನಗೆ ಹೆಚ್ಚು ಇಷ್ಟ. ತುದಿಯಿಂದ ಬುಡದವರೆಗೆ ಒಂದೂ ಜಾಗ ಬಿಡದೆ ಕೆತ್ತಿದ ಕಲ್ಲು. ಬಹಳ ಕಾಲ ಅದರ ಮೇಲೆ ಗಾರೆ ಮೆತ್ತಿತ್ತು. 1930ರ ದಶಕದಲ್ಲಿ ಕರೆಂಟಿನ ತಂತಿ ಎಳೆಯಲು ಬಂದವನ ಸುತ್ತಿಗೆ ಪೆಟ್ಟಿಗೆ ಗಾರೆ ಉದುರಿ ಒಳಗಿನ ಕೆತ್ತನೆ ಹಲ್ಲು ಬಿಟ್ಟಿತು ಎನ್ನುತ್ತಾರೆ.

ಇಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ದನಿ ನಿಲ್ಲಿಸಿ. ಮೂಲೆಯಲ್ಲಿ ಬಿಳಿ ಲಂಗ, ಬಿಳಿ ತಲೆವಸ್ತ್ರ ತೊಟ್ಟ ಹೆಂಗಸು ಬಾಣಲೆ ಮುಂದೆ ಕೂತಿರುತ್ತಾಳೆ. ಅವಳು ಬಯಾನಾ, ಅವಳು ಕರಿಯುತ್ತಿರುವುದು ಅಕರಜೆ. ಅಲಸಂದೆ ಕಾಳು ನೆನೆಹಾಕಿ, ಉಜ್ಜಿ ಸಿಪ್ಪೆ ತೆಗೆದು, ಈರುಳ್ಳಿಯ ಜೊತೆ ರುಬ್ಬಿ, ಹಿಟ್ಟು ಹಗುರಾಗುವ ತನಕ ಸೌಟಿನಿಂದ ಬಡಿಯುತ್ತಾರೆ. ನಮ್ಮ ಅಲಸಂದೆ ವಡೆಯ ಹತ್ತಿರದ ನೆಂಟ. ಬೇರೆಯಾಗುವುದು ಎಣ್ಣೆಯಲ್ಲಿ. ದೆಂದೆ ಎಂಬ ತಾಳೆಯೆಣ್ಣೆ, ಕುಂಕುಮದ ನೀರಿನಂತೆ ಕೆಂಪು, ಅದರ ವಾಸನೆ ಇಡೀ ಚೌಕಕ್ಕೆ ಹಬ್ಬಿರುತ್ತದೆ. ಕರಿದದ್ದನ್ನು ಸೀಳಿ ಒಳಗೆ ವತಪಾ ಎಂಬ ಗೊಜ್ಜು, ಬೆಂಡೆಕಾಯಿ ಪಲ್ಯ, ಒಣ ಸಿಗಡಿ ತುಂಬುತ್ತಾಳೆ. ಸಸ್ಯಾಹಾರಿಗಳು ಹುಷಾರು: ಗೊಜ್ಜಿನಲ್ಲೂ ಸಿಗಡಿ ಇರುತ್ತದೆ. ‘ಕೆಂಚಿ’ ಬೇಕೇ ಎಂದು ಕೇಳುತ್ತಾಳೆ. ಪದದ ಅರ್ಥ ಬಿಸಿ, ಅವಳ ಅರ್ಥ ಖಾರ. ಗುಲಾಮಗಿರಿಯ ಕಾಲದಲ್ಲಿ ಬೀದಿಯಲ್ಲಿ ಇದನ್ನು ಮಾರಿ ಕೂಡಿಟ್ಟ ಕಾಸಿನಿಂದ ತಮ್ಮ ಬಿಡುಗಡೆಯನ್ನು ಕೊಂಡುಕೊಂಡ ಹೆಂಗಸರಿದ್ದರು. 2005ರಲ್ಲಿ ಬ್ರೆಜಿಲ್ ಸರ್ಕಾರ ಈ ಕಸುಬನ್ನು ರಾಷ್ಟ್ರೀಯ ಪರಂಪರೆ ಎಂದು ದಾಖಲಿಸಿತು. ನಮ್ಮಲ್ಲಿ ವಡೆ ಕರಿಯುವವರಿಗೆ ಅಂಥ ಮರ್ಯಾದೆ ಯಾರು ಕೊಟ್ಟಾರು, ಬಿಡಿ.

ಇನ್ನು ಇಳಿಜಾರು. ಗುಂಡುಗುಂಡು ಕಲ್ಲಿನ ಹಾಸು, ಕಣ್ಣು ನೆಲದ ಮೇಲೆ ಇರಲೇಬೇಕು. ಬ್ರೆಜಿಲಿನ ಹಳೆಯ ಊರುಗಳಲ್ಲಿ ಇಂಥ ಕಲ್ಲುಹಾಸಿಗೆ ‘ಪೇ ದೆ ಮೊಲೆಕಿ’ ಎನ್ನುತ್ತಾರೆ. ಅದು ಅವರ ಕಡಲೆಕಾಯಿ ಚಿಕ್ಕಿಯ ಹೆಸರು. ಬೆಲ್ಲದ ಪಾಕದಲ್ಲಿ ಕಡಲೆಬೀಜ ಎದ್ದು ನಿಂತಂತೆ ಮಣ್ಣಿನಲ್ಲಿ ಕಲ್ಲು. ಕೆಳಗೆ ಓಣಿ ಅಗಲವಾಗಿ ಮೂರು ಮೂಲೆಯ ಚೌಕವಾಗುತ್ತದೆ. ಇದೇ ಕಂಬದ ಜಾಗ. ಮೇಲ್ಗಡೆ ಕಾದಂಬರಿಕಾರ ಜೋರ್ಜಿ ಅಮಾದುವಿನ ಸ್ಮಾರಕ ಭವನ. ಇದೇ ಇಳಿಜಾರಿನಲ್ಲಿ ಬಡವರು ಕಿಕ್ಕಿರಿದ ವಠಾರವೊಂದರಲ್ಲಿ ಅವನು ಹುಡುಗನಾಗಿದ್ದಾಗ ವಾಸವಿದ್ದು, ಅದನ್ನೇ 1934ರ ‘ಸುವೊರ್’ ಕಾದಂಬರಿಯಾಗಿಸಿದ. ಸುವೊರ್ ಎಂದರೆ ಬೆವರು.

ಕೆಳಗಡೆ ತಿಳಿನೀಲಿ ಬಣ್ಣದ ಚರ್ಚು. ರೊಜಾರಿಯೊ ದೋಸ್ ಪ್ರೆತೋಸ್, ಕರಿಯರ ಜಪಮಾಲೆ ಮಾತೆಯ ಗುಡಿ. 1704ರಲ್ಲಿ ಕರಿಯರ ಧರ್ಮಸಂಘವೊಂದು ಇದಕ್ಕೆ ಅಡಿಗಲ್ಲು ಹಾಕಿತು, ಮುಗಿಯಲು ನೂರು ವರ್ಷದಷ್ಟು ಹಿಡಿಯಿತು. ಕಟ್ಟಿದವರಿಗೆ ಹಗಲು ಸ್ವಂತದ್ದಲ್ಲ. ಒಡೆಯನ ಕೆಲಸ ಮುಗಿದ ಮೇಲೆ ರಾತ್ರಿ ಕಲ್ಲು ಹೊತ್ತರು. ಈಗ ಕಂಬದ ಹೆಸರು ಹೊತ್ತ ಚೌಕದಲ್ಲಿ ತಮ್ಮದೊಂದು ಮನೆ ಎಬ್ಬಿಸಿದರು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರ ಮೇ 13ರಂದು, ಅಮೆರಿಕ ಖಂಡಗಳಲ್ಲೆಲ್ಲ ಕೊನೆಗೆ. ಈಗಲೂ ಮಂಗಳವಾರದ ಸಂಜೆ ಇಲ್ಲಿನ ಪೂಜೆಗೆ ಆಫ್ರಿಕಾದ ಡೋಲು ಬಾರಿಸುತ್ತಾರೆ.

ನಡಿಗೆಯ ದನಿಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿ ಧನ್ಯವಾದ ಹೇಳುತ್ತವೆ. ಹೆಚ್ಚಿನವು ಹೇಳದೆ ಬಿಡುವ ಒಂದು ಅಧ್ಯಾಯವಿದೆ. ಶ್ರೀಮಂತರು ಹೊಸ ಬಡಾವಣೆಗಳಿಗೆ ಹೋದ ಮೇಲೆ ಈ ಮನೆಗಳೆಲ್ಲ ಬಡ ಕರಿಯರ ವಠಾರಗಳಾಗಿದ್ದವು. 1990ರ ದಶಕದಲ್ಲಿ ರಾಜ್ಯ ಸರ್ಕಾರ ದುರಸ್ತಿ ಮಾಡಿ ಬಣ್ಣ ಬಳಿಸುವಾಗ ಸಾವಿರಾರು ಜನರಿಗೆ ಚೂರುಪಾರು ಪರಿಹಾರ ಕೊಟ್ಟು ಎಬ್ಬಿಸಿತು. ನಾವು ಮೆಚ್ಚುವ ಗುಲಾಬಿ ಗೋಡೆಯ ಹಿಂದೆ ಅಡುಗೆ ಒಲೆ ಉರಿಯುವುದು ಕಡಿಮೆ, ಅಂಗಡಿಗಳೇ ಹೆಚ್ಚು. ನಡಿಗೆ ಆರಿಸುವಾಗ ದನಿ ಇಂಪಾಗಿದೆಯೇ ಎಂದು ನೋಡುವುದಕ್ಕಿಂತ ಮಾತಾಡುತ್ತಿರುವವರು ಯಾರು ಎಂದು ವಿಚಾರಿಸುವುದು ಮೇಲು. ಆ ಊರಿನ ಕರಿಯರೇ ಬರೆದು ಓದಿದ್ದು ಸಿಕ್ಕರೆ ಬೇರೆಯದನ್ನು ಮುಟ್ಟಬೇಡಿ.

ಅಲ್ಲೇ ಓಣಿಯೊಂದರಲ್ಲಿ ನಮಗೆ ಪರಿಚಯದ ಹೆಸರೊಂದು ಗೋಡೆಯ ಮೇಲೆ ಕಾಣುತ್ತದೆ: ಫಿಲ್ಯೋಸ್ ದೆ ಗಾಂಧಿ, ಗಾಂಧಿಯ ಮಕ್ಕಳು. ಗಾಂಧೀಜಿ ತೀರಿಕೊಂಡ ಮರುವರ್ಷ, 1949ರಲ್ಲಿ, ಬಂದರಿನ ಹಮಾಲಿಗಳು ಕಟ್ಟಿದ ಕಾರ್ನಿವಲ್ ಮೇಳ ಇದು. ಬಿಳಿ ನಿಲುವಂಗಿ, ನೀಲಿ ಬಿಳಿ ಮಣಿಸರ. ಮುಂಡಾಸಿಗೆ ಬಟ್ಟೆ ಮೈ ಒರೆಸುವ ಟವೆಲ್. ಕಾರ್ನಿವಲ್ ಹತ್ತಿರ ಬಂದಾಗ ಗಂಡಸರು ಬೀದಿ ಬದಿಯ ಸ್ಟೂಲಿನ ಮೇಲೆ ಸಾಲಾಗಿ ಕೂರುತ್ತಾರೆ. ಹೆಂಗಸರು ಟವೆಲನ್ನು ಅವರ ತಲೆಗೆ ಸುತ್ತಿ, ನಡುವೆ ನೀಲಿ ಕಲ್ಲೊಂದನ್ನಿಟ್ಟು, ತಲೆಯ ಮೇಲೇ ಸೂಜಿದಾರದಿಂದ ಹೊಲಿಯುತ್ತಾರೆ. ಹೊಲಿಗೆ ಮುಗಿಯುವ ತನಕ ಆಚೀಚೆ ಅಲುಗುವಂತಿಲ್ಲ. ಅಷ್ಟು ಹೊತ್ತಿಗೆ ಓಣಿಯ ತುದಿಯಲ್ಲಿ ಡೋಲು ಶುರುವಾಗಿರುತ್ತದೆ. ಕಿವಿಯಿಂದ ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿಕೊಳ್ಳಿ.