ಒಳಗಿನ ಕರೆ ಕೇಳಿಸದಾದಾಗ
(ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ನಮ್ಮ ಮನೆ, ಮಕ್ಕಳು, ದುಡಿಮೆ ಅವನ ಅಮಾನತ್ತು ಎಂದು ನಾವು ಮತ್ತೆ ಮತ್ತೆ ಹೇಳುತ್ತೇವೆ. ನಮ್ಮ ಶರೀರವೂ ಹಾಗೆಯೇ. ಆ ಅಮಾನತ್ತನ್ನು ಹೇಗೆ ನೋಡಿಕೊಳ್ಳುತ್ತಿದ್ದೇವೆ ಎಂದು ಇಂದು ಸ್ವಲ್ಪ ಯೋಚಿಸೋಣ. ವಿಷಯ ಸಕ್ಕರೆ ಕಾಯಿಲೆಯದು. ಆದರೆ ಮೊದಲು ನಮ್ಮ ಸೀಮೆಯ ರೇಷ್ಮೆ ಹುಳುವನ್ನು ನೋಡೋಣ. ಈ ಕಾಯಿಲೆ ಅರ್ಥವಾಗಲು ಅದರಿಂದಲೇ ದಾರಿ ಸಿಗುತ್ತದೆ.

ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದ ರೈತರು ಅಲ್ಲಿಗೆ ಗೂಡು ತರುತ್ತಾರೆ. ನೂಲು ಬಿಚ್ಚುವ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಗೂಡಿನಿಂದಲೇ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪ್ರತಿ ಸಲ ಪೊರೆ ಕಳಚಿ ಏಳುತ್ತದೆ. ಐದನೇ ಹಂತದಲ್ಲಿ ಹಗಲು ರಾತ್ರಿ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತದೆ. ಇದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಸೊಪ್ಪು ಮುಂದೆಯೇ ಇರುವಾಗ 'ತಿಂದದ್ದು ಸಾಕು, ಇನ್ನು ಗೂಡು ಕಟ್ಟು' ಎಂದು ಆ ಹುಳುವಿಗೆ ಹೇಳಿದವರು ಯಾರು?

ಅಲ್ಲಾಹನು ಅದರ ಮೈಯೊಳಗೇ ಇಟ್ಟ ರಾಸಾಯನಿಕಗಳು ಹೇಳುತ್ತವೆ. ಎಕ್ಡೈಸೋನ್ ಎಂಬ ಹಾರ್ಮೋನು 'ಪೊರೆ ಬಿಡು' ಎನ್ನುತ್ತದೆ. ಜುವೆನೈಲ್ ಹಾರ್ಮೋನು, ಅಂದರೆ ಎಳೆತನದ ಹಾರ್ಮೋನು, 'ಇನ್ನೂ ಹುಳುವಾಗಿಯೇ ಇರು' ಎನ್ನುತ್ತದೆ. ಎರಡೂ ಜೊತೆಗಿದ್ದಾಗ ಹುಳು ಪೊರೆ ಬಿಟ್ಟು ಇನ್ನಷ್ಟು ದೊಡ್ಡ ಹುಳುವಾಗುತ್ತದೆ. ಕೊನೆಯ ಹಂತದಲ್ಲಿ ಎಳೆತನದ ಹಾರ್ಮೋನು ಇಳಿದುಹೋಗುತ್ತದೆ. ಆಗ ಅದೇ ಎಕ್ಡೈಸೋನಿನ ಕರೆಗೆ ಹುಳು ಗೂಡು ಕಟ್ಟಿ ಒಳಗೆ ಪ್ಯೂಪ ಆಗುತ್ತದೆ.

ಈ ಕರೆ ಎಷ್ಟು ಸೂಕ್ಷ್ಮವೆಂದರೆ, 1954ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಪ್ಯೂಪಗಳಿಂದ ಬೇರ್ಪಡಿಸಿದ ಎಕ್ಡೈಸೋನ್ ಬರೀ 25 ಮಿಲಿಗ್ರಾಂ. ಇಂಥದೇ ಹಾರ್ಮೋನು ಕೆಲವು ಗಿಡಗಳಲ್ಲೂ ಇದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ಅದನ್ನು 'ಸಂಪೂರ್ಣ' ಎಂಬ ಹೆಸರಿನಲ್ಲಿ ರೈತರಿಗೆ ಕೊಟ್ಟರು. ಒಂದಷ್ಟು ಹುಳು ಹಣ್ಣಾಗತೊಡಗಿದಾಗ ಅದನ್ನು ಸೊಪ್ಪಿಗೆ ಸಿಂಪಡಿಸಿದರೆ ಉಳಿದವೂ ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕರೆಯೊಂದಿದ್ದರೆ ಸಾಲದು, ಕೇಳುವ ಕಿವಿಯೂ ಬೇಕು. ಜೀವಕೋಶಕ್ಕಿರುವ ಕಿವಿಗೆ ವಿಜ್ಞಾನದಲ್ಲಿ ರಿಸೆಪ್ಟರ್ ಎನ್ನುತ್ತಾರೆ. ಅದೂ ಒಂದು ಪ್ರೋಟೀನು. ಬೀಗಕ್ಕೆ ಬೀಗದ ಕೈ ಕೂರುವಂತೆ ಹಾರ್ಮೋನು ಅದರಲ್ಲಿ ಕೂತಾಗಲೇ ಜೀವಕೋಶಕ್ಕೆ ಸುದ್ದಿ ಮುಟ್ಟುತ್ತದೆ. ರಕ್ತ ಎಲ್ಲ ಕಡೆಗೂ ಹಾರ್ಮೋನನ್ನು ಒಯ್ಯುತ್ತದೆ, ಆದರೆ ಅದಕ್ಕೆ ಹೊಂದುವ ಕಿವಿ ಇರುವ ಜೀವಕೋಶ ಮಾತ್ರ ಓಗೊಡುತ್ತದೆ. ಓಗೊಡುವ ರೀತಿಯೂ ಒಂದೇ ತೆರನಾಗಿರುವುದಿಲ್ಲ. ರಮಝಾನಿನಲ್ಲಿ ಮಗ್ರಿಬ್‌ನ ಅಝಾನ್ ಒಂದೇ ಕೇಳಿಸುತ್ತದೆ. ಮನೆಯಲ್ಲಿ ಒಬ್ಬರು ಖರ್ಜೂರ ಹಂಚುತ್ತಾರೆ, ಒಬ್ಬರು ನೀರು ಕೊಡುತ್ತಾರೆ, ಒಬ್ಬರು ವುಝೂಗೆ ಏಳುತ್ತಾರೆ. ಜೀವಕೋಶಗಳೂ ಹಾಗೆಯೇ.

ಈಗ ನಮ್ಮ ಮೈಗೆ ಬರೋಣ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಜೀವಕೋಶದ ಹೊರಗೋಡೆಯ ಕಿವಿಯಲ್ಲಿ ಕೂರುತ್ತದೆ. ಒಳಗೆ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಲ್ಲಿ ಸಕ್ಕರೆ ಸಾಗಿಸುವ ಪ್ರೋಟೀನುಗಳು ಗೋಡೆಗೆ ಬಂದು ನಿಂತು ಸಕ್ಕರೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಅದೇ ಕರೆಗೆ ಯಕೃತ್ತು ಸಕ್ಕರೆಯನ್ನು ಕೂಡಿಡುತ್ತದೆ, ಹೊರಬಿಡುವುದನ್ನು ತಗ್ಗಿಸುತ್ತದೆ.

ಇದು ಎರಡು ಬಗೆಯಲ್ಲಿ ಕೆಡಬಹುದು. ಟೈಪ್ 1ರಲ್ಲಿ ಕರೆಯುವವರೇ ಇಲ್ಲ, ಇನ್ಸುಲಿನ್ ತಯಾರಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಾಗಿ ಮಕ್ಕಳಿಗೆ, ಹದಿಹರೆಯದವರಿಗೆ ಬರುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವ ಟೈಪ್ 2ರಲ್ಲಿ ಕರೆ ಇದೆ, ಕಿವಿ ಮಂದವಾಗಿದೆ. ಹೊಟ್ಟೆಯ ಬೊಜ್ಜು, ಕೂತೇ ಇರುವ ಬದುಕು, ವಂಶದ ಗುಣ ಇದಕ್ಕೆ ಕಾರಣಗಳು. ಜೀವಕೋಶ ಕೇಳದಾದಾಗ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ, ಹೆಚ್ಚು ಹೆಚ್ಚು ಇನ್ಸುಲಿನ್ ಬಿಡುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಕೊನೆಗೆ ಅದೂ ಸೋಲುತ್ತದೆ. ಆ ವರ್ಷಗಳಲ್ಲಿ ನೋವಿಲ್ಲ, ಜ್ವರವಿಲ್ಲ. ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಸದ್ದಿಲ್ಲದೆ ಕೆಡುತ್ತಿರುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆದ್ದರಿಂದ ಮನೆಯಲ್ಲಿ ಅಬ್ಬಾ, ಅಮ್ಮಿ, ದಾದಿ ಯಾರಿಗಾದರೂ ಇದ್ದರೆ ಉಳಿದವರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ರಾತ್ರಿಯಿಡೀ ಏನೂ ತಿನ್ನದೆ ಬೆಳಿಗ್ಗೆ ನೋಡಿದಾಗ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಕಾಯಿಲೆಯನ್ನು ಖಚಿತಪಡಿಸುತ್ತಾರೆ.

ಸಂತೋಷದ ಮಾತೂ ಇದೆ. ಮಂದವಾದ ಕಿವಿಯನ್ನು ಬಹುಮಟ್ಟಿಗೆ ಚುರುಕುಗೊಳಿಸಬಹುದು. ನಡೆಯುವಾಗ ಸ್ನಾಯು ಬಿಗಿದು ಸಡಿಲವಾಗುತ್ತದೆ. ಆಗ ಇನ್ಸುಲಿನ್ ಕರೆಯದಿದ್ದರೂ ಸಕ್ಕರೆ ಸಾಗಿಸುವ ಪ್ರೋಟೀನುಗಳು ಗೋಡೆಗೆ ಬರುತ್ತವೆ! ನಡಿಗೆಯೂ ಒಂದು ಕರೆಯೇ. ಬೊಂಬೆ ಕಡೆಯುವ ಯಂತ್ರದ ಮುಂದೆ, ಅಂಗಡಿಯ ಗಲ್ಲಾದಲ್ಲಿ ದಿನವಿಡೀ ಕೂರುವ ಸಹೋದರರು ಮಸೀದಿಗೆ ಬೈಕ್ ಬಿಟ್ಟು ನಡೆದು ಬರಲಿ. ನಮ್ಮ ಹೆಣ್ಣುಮಕ್ಕಳಿಗೂ ಸಂಜೆ ಅರ್ಧ ಗಂಟೆ ನಡೆಯಲು ಮನೆಯವರು ಬಿಡುವು ಮಾಡಿಕೊಡಲಿ. ದಾವತ್ತಿನಲ್ಲಿ ಬಿರಿಯಾನಿಯ ಮೇಲೆ ಮೀಠಾ, ಮೀಠಾದ ಮೇಲೆ ಸಕ್ಕರೆ ತುಂಬಿದ ಚಹಾ ಬಲವಂತವಾಗಿ ಬಡಿಸುವುದು ಮೆಹಮಾನ್‌ನವಾಜಿ ಎನಿಸದು.

ಇನ್ನೆರಡು ಮಾತು ಸ್ಪಷ್ಟವಾಗಿ ಹೇಳಬೇಕಿದೆ. ಮದುವೆಗೆ ಬಂದ ಹುಡುಗಿಗೆ ಇನ್ಸುಲಿನ್ ಇದೆ ಎಂದು ಗೊತ್ತಾದರೆ ಸಂಬಂಧ ತಪ್ಪುತ್ತದೆಂದು ಕೆಲವರು ಅದನ್ನು ಮುಚ್ಚಿಡುತ್ತಾರೆ. ಮದುವೆಯ ನಂತರ ಆಕೆ ಅತ್ತೆ ಮನೆಯಲ್ಲಿ ಸೂಜಿ ಚುಚ್ಚಿಕೊಳ್ಳಲು ಹೆದರಿ ಬಿಟ್ಟುಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಬರುತ್ತದೆ. ಕಾಯಿಲೆ ಕಳಂಕವಲ್ಲ. ಅದನ್ನು ಕಳಂಕ ಮಾಡಿದವರು ನಾವು. ಸಂಬಂಧ ನೋಡುವವರೇ ಮೊದಲು ಬದಲಾಗಬೇಕು.

ಎರಡನೆಯದು ರಮಝಾನ್. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ಸೂರಃ ಅಲ್ ಬಕರಃದಲ್ಲೇ ಸ್ಪಷ್ಟವಾಗಿದೆ. ಗುಣವಾಗುವ ಕಾಯಿಲೆಯಾದರೆ ಬೇರೆ ದಿನಗಳಲ್ಲಿ ಕಝಾ, ಶಾಶ್ವತ ಕಾಯಿಲೆಯಾದರೆ ಫಿದ್ಯಾ. ಉಪವಾಸ ಹಿಡಿಯಬಹುದೇ, ಮಾತ್ರೆ ಮತ್ತು ಇನ್ಸುಲಿನ್ ಯಾವ ಹೊತ್ತಿಗೆ ಎಷ್ಟು ಎಂದು ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕೇಳಬೇಕು. ತಾವಾಗಿಯೇ ಔಷಧ ನಿಲ್ಲಿಸಬಾರದು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲವೆಂದು ಉಲಮಾಗಳು ತಿಳಿಸಿದ್ದಾರೆ. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ಪರೀಕ್ಷಿಸಿ. 70ಕ್ಕಿಂತ ಇಳಿದಿದ್ದರೆ ಇಫ್ತಾರಿಗೆ ಹತ್ತೇ ನಿಮಿಷ ಇದ್ದರೂ ಕಾಯದೆ ಸಿಹಿ ತೆಗೆದುಕೊಳ್ಳಬೇಕು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ಅವನ ಆಜ್ಞಾಪಾಲನೆಯೇ. ಮನೆಯ ಹಿರಿಯರು ನಾಚಿಕೆಯಿಂದ ಹಿಂಜರಿದರೆ ಮಕ್ಕಳು ಪ್ರೀತಿಯಿಂದ ಒಪ್ಪಿಸಲಿ.

ಒಂದು ಹುಳುವಿಗೂ ಸರಿಯಾದ ಹೊತ್ತಿಗೆ ಸರಿಯಾದ ಕರೆ ಕೇಳಿಸುವಂತೆ ಮಾಡಿದ ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರನ್ನು ನೋಡಿಕೊಳ್ಳುವವರಿಗೆ ಸಹನೆ ನೀಡಲಿ, ಶರೀರವೆಂಬ ಅಮಾನತ್ತನ್ನು ಕಾಪಾಡುವ ತೌಫೀಕ್ ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.