ಕುಡಿಯುವ ನೀರಿನಲ್ಲಿ ಫ್ಲೋರೈಡ್: ಎಷ್ಟು ಸುರಕ್ಷಿತ?



ಹಲ್ಲಿನ ರಕ್ಷಣೆಗೆಂದು ಅಮೆರಿಕದ ಅನೇಕ ನಗರಗಳು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುತ್ತವೆ. ಕರ್ನಾಟಕದ ಬಯಲುಸೀಮೆಯ ಅನೇಕ ಹಳ್ಳಿಗಳು ಅದೇ ಫ್ಲೋರೈಡನ್ನು ನೀರಿನಿಂದ ತೆಗೆಯಲು ಹೆಣಗುತ್ತವೆ. ವಸ್ತು ಒಂದೇ, ಭೇದವಿರುವುದು ಪ್ರಮಾಣದಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣದ ಜನರ ಹಲ್ಲುಗಳಲ್ಲಿ ಕಂದು ಕಲೆಗಳಿರುವುದನ್ನು ದಂತವೈದ್ಯ ಫ್ರೆಡರಿಕ್ ಮೆಕೇ ಗಮನಿಸಿದರು. ಇಂಥ ಕಲೆಗಳಿಗೆ ನೀರಿನ ಫ್ಲೋರೈಡ್ ಕಾರಣವೆಂದು 1931ರಲ್ಲಿ ತಿಳಿಯಿತು. ಅಂತಹ ಹಲ್ಲುಗಳು ಹುಳುಕಾಗುವುದು ಕಡಿಮೆಯೆಂಬುದೂ ಕಂಡುಬಂದಿತು. ಆದ್ದರಿಂದ 1945ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ನಗರವು ಲೀಟರಿಗೆ 1 ಮಿಲಿಗ್ರಾಂನಂತೆ ಬೆರೆಸತೊಡಗಿತು. 2015ರಲ್ಲಿ ಅಮೆರಿಕ ಸರ್ಕಾರದ ಶಿಫಾರಸು 0.7 ಮಿಲಿಗ್ರಾಂಗೆ ಇಳಿಯಿತು. ಟೂತ್‌ಪೇಸ್ಟಿನಲ್ಲೇ ಫ್ಲೋರೈಡ್ ದೊರೆಯುವ ಈ ಕಾಲದಲ್ಲಿ ನೀರಿಗೆ ಬೆರೆಸುವುದರ ಲಾಭ ಹಿಂದಿಗಿಂತ ಕಡಿಮೆಯೆಂದು 2024ರ ಕಾಕ್ರೇನ್ ಪರಿಶೀಲನೆ ತಿಳಿಸಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು, 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ಸಂಬಂಧವಿದೆಯೆಂದು ಮಧ್ಯಮ ಮಟ್ಟದ ಖಚಿತತೆಯೊಂದಿಗೆ ಹೇಳಿತು, 0.7ರ ಬಗ್ಗೆ ತೀರ್ಮಾನಿಸಲು ಸಾಕಷ್ಟು ಮಾಹಿತಿಯಿಲ್ಲವೆಂದಿತು. 2025ರಲ್ಲಿ ಯೂಟಾ, ಫ್ಲಾರಿಡಾ ರಾಜ್ಯಗಳು ಬೆರೆಸುವುದನ್ನೇ ನಿಷೇಧಿಸಿದವು.

ಭಾರತದ ಸಮಸ್ಯೆ ನೆಲದಿಂದಲೇ ಬಂದುದು. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ 1937ರಲ್ಲೇ ಮೂಳೆಯ ಫ್ಲೋರೋಸಿಸ್ ವರದಿಯಾಗಿತ್ತು. ಕೀಲುಗಳು ಬಿಗಿಯುತ್ತವೆ, ಬೆನ್ನು ಸೆಟೆಯುತ್ತದೆ. ಒಮ್ಮೆ ಬಲಿತರೆ ವಾಸಿಯಾಗದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ; ಬೇರೆ ನೀರೇ ಇಲ್ಲದಿದ್ದಲ್ಲಿ 1.5. ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ. ಆಳದ ನೀರು ಬಹುಕಾಲ ಬಂಡೆಯ ಸಂಪರ್ಕದಲ್ಲಿದ್ದು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದಲ್ಲಿ ಅದು ನೀರಿನಲ್ಲೇ ಉಳಿಯುತ್ತದೆ.

ಮಲೆನಾಡಿನ ಒರತೆ, ತೆರೆದಬಾವಿಗಳ ನೀರು ಪ್ರತಿ ಮಳೆಗಾಲದಲ್ಲೂ ಹೊಸದಾಗುವುದರಿಂದ ಅದರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೆ ಕಾಡು ಕಡಿದು ಬೇಸಿಗೆಯಲ್ಲಿ ಒರತೆ ಬತ್ತಿದರೆ ಊರಿನವರು ಕೊಳವೆಬಾವಿಗೆ ಮೊರೆಹೋಗುತ್ತಾರೆ. ಆ ನೀರಿನ ದೋಷವನ್ನು ಬಣ್ಣದಿಂದಾಗಲಿ ರುಚಿಯಿಂದಾಗಲಿ ಅರಿಯಲಾಗದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ.

ಆದ್ದರಿಂದ ಹೊಸ ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸುವ ಮೊದಲು ಪರೀಕ್ಷೆ ಮಾಡಿಸಬೇಕೆಂದು ಗ್ರಾಮಸಭೆ ಪಟ್ಟುಹಿಡಿಯಬೇಕು. ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಬರೆಸಬೇಕು. ಒರತೆಯ ಮೇಲಿನ ಕಾಡನ್ನು ಉಳಿಸಿಕೊಂಡ ಊರಿಗೆ ಆಳದ ನೀರನ್ನು ಅವಲಂಬಿಸುವ ಪ್ರಸಂಗ ವಿರಳ.